ಕಂಬದ ಹಿಂದಿನ ಏಳು ಸೀಟು

ಬೆಳಗಿನ ಐದು ಗಂಟೆ. ಪ್ರವಾಸಿ ಹಡಗು ಇನ್ನೂ ಗೊರಕೆ ಹೊಡೆಯುತ್ತಿದೆ. ಹಡಗಿನ ಮೂತಿಯ ಕಡೆಗಿರುವ ರಂಗಮಂದಿರದಲ್ಲಿ ಮಾತ್ರ ನಾಲ್ಕು ದೀಪ ಹೊತ್ತಿಕೊಂಡಿವೆ. ಅಲ್ಲೊಬ್ಬ ಹೆಂಗಸು ಮೊದಲ ಸಾಲಿನ ಮೊದಲ ಸೀಟನ್ನು ಅಂಗೈಯಿಂದ ಒತ್ತಿ ಬಿಡುತ್ತಾರೆ. ಸೀಟು ಟಪ್ಪೆಂದು ಮಡಚಿಕೊಳ್ಳುತ್ತದೆ. ಎರಡನೆಯದು, ಟಪ್. ಮೂರನೆಯದು, ಟಪ್. ಹದಿನಾಲ್ಕನೆಯದು ಮಾತ್ರ ಕುಂಯ್ ಎನ್ನುತ್ತದೆ. "ಏನಪ್ಪಾ ನಿನ್ ಗೋಳು?" ಎಂದು ಸೀಟನ್ನೇ ವಿಚಾರಿಸಿ, ಬಗ್ಗಿ, ಸಂದಿಯೊಳಗೆ ಎರಡು ಬೆರಳು ತೂರಿಸುತ್ತಾರೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೊಂದು ಈಚೆಗೆ ಬರುತ್ತದೆ.

"ನಿನ್ನೆ ನಗಿಸೋನು ಬಂದಿದ್ದ," ಎನ್ನುತ್ತಾರೆ ಅವರು. "ಅವನು ಚೆನ್ನಾಗಿ ನಗಿಸಿದ ದಿನ ಹಲ್ಲು ಸಿಗುತ್ತೆ. ನಗಿಸದೇ ಇದ್ದ ದಿನ ಕನ್ನಡಕ ಸಿಗುತ್ತೆ. ತೂಕಡಿಸ್ತಾ ಜಾರಿ ಬಿದ್ದಿರುತ್ತಲ್ಲ."

ಹಲ್ಲನ್ನು ಡಬ್ಬಿಗೆ ಹಾಕಿ, ಮೇಲೆ ಸೀಟಿನ ನಂಬರು ಬರೆದು, ಮುಂದಿನ ಸೀಟಿಗೆ ಕೈಯಿಡುತ್ತಾರೆ. ಇನ್ನೂ ಏಳುನೂರ ಇಪ್ಪತ್ತೆರಡು ಬಾಕಿ ಇವೆ.

ಎದೆಯ ಮೇಲಿನ ಬಿಲ್ಲೆಯಲ್ಲಿ ಅವರ ಹುದ್ದೆಯ ಹೆಸರು ಗೇಣುದ್ದ ಇದೆ. ಅದನ್ನು ಪೂರ್ತಿ ಓದಿದವರನ್ನು ಯಾರೂ ಕಂಡಿಲ್ಲ. ಹಡಗಿನ ಕೆಲಸಗಾರರಿಗೆಲ್ಲ, ವರ್ಷ ಬಿಟ್ಟು ವರ್ಷ ಮರಳಿ ಬರುವ ಪ್ರಯಾಣಿಕರಿಗೆಲ್ಲ, ಅವರು ಸೀಟಕ್ಕ. ವಯಸ್ಸು ಐವತ್ತೆರಡು. ಹಡಗು ಹತ್ತಿ ಹತ್ತೊಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಮನೆಯಿಂದ ಎರಡು ಬೀದಿ ಆಚೆಗಿದ್ದ ಸಿನಿಮಾ ಮಂದಿರದಲ್ಲಿ ಒಂಬತ್ತು ವರ್ಷ ಟಾರ್ಚು ಹಿಡಿದಿದ್ದರು. ಆ ಮಂದಿರ ಮುಚ್ಚಿ ಮಂಚ, ಕಪಾಟು ಮಾರುವ ಮಳಿಗೆಯಾಯಿತು. ಟಾರ್ಚು ಹಿಡಿಯುವುದೊಂದು ಬಿಟ್ಟು ಬೇರೆ ಕಸುಬು ಬಾರದ ಹೆಂಗಸು, ಟಾರ್ಚು ಬೇಕಾದ ಜಾಗ ಹುಡುಕಿಕೊಂಡು ನೀರಿಗಿಳಿದರು.

ವರ್ಷಕ್ಕೆ ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಮಿಕ್ಕಿದ್ದು ಮನೆಯಲ್ಲಿ. ಗಂಡ ಎರಡು ಕುರ್ಚಿಯ ಕ್ಷೌರದಂಗಡಿ ಇಟ್ಟುಕೊಂಡಿದ್ದಾರೆ. ಮಗಳಿಗೆ ಈಗ ಇಪ್ಪತ್ತೈದು. ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ತಾಯಿ ಹಡಗು ಹತ್ತಿದಾಗ ಅವಳಿಗೆ ಆರು ವರ್ಷ. "ಅವಳ ಮೊದಲನೇ ಹಲ್ಲು ಬಿದ್ದಾಗ ನಾನಿಲ್ಲಿ ಯಾರದೋ ಹಲ್ಲು ಹುಡುಕ್ತಾ ಇದ್ದೆ," ಎಂದು ಸೀಟಕ್ಕ ನಗುತ್ತಾರೆ. ಆ ನಗು ಬಾಯಿಂದ ಮೇಲಕ್ಕೆ ಏರುವುದಿಲ್ಲ.

ಅವರ ಕೆಲಸ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಬಂದವರನ್ನು ಕೂರಿಸುವುದು. ಒಳಗೆ ಹೊಕ್ಕು ನೋಡಿದರೆ ಅದರ ಆಳ ತಿಳಿಯುತ್ತದೆ. ಹಡಗಿನಲ್ಲಿ ಮೂರು ಸಾವಿರ ಪ್ರಯಾಣಿಕರು. ಸೀಟು ಏಳುನೂರ ಮೂವತ್ತಾರು. ದಿನಕ್ಕೆ ಎರಡು ಆಟ. ಹಡಗು ಹತ್ತಿದ ಗಳಿಗೆಯಲ್ಲೇ ಜನ ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲು ಫೋನಿನಲ್ಲಿ ಸೀಟು ಗೊತ್ತು ಮಾಡಿಕೊಳ್ಳುತ್ತಾರೆ. ಕತ್ತಲಾಗುವಷ್ಟರಲ್ಲಿ ಎಲ್ಲ ಆಟವೂ ಭರ್ತಿ. ಆದರೆ ಗೊತ್ತು ಮಾಡಿಕೊಂಡವರೆಲ್ಲ ಬರುವುದಿಲ್ಲ. ಊಟ ಹೆಚ್ಚಾಗಿರುತ್ತದೆ, ಕಣ್ಣು ಹತ್ತಿರುತ್ತದೆ, ಗಂಡ ಹೆಂಡಿರಿಗೆ ಜಗಳವಾಗಿರುತ್ತದೆ. ಆಟಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಅಂಥವರ ಸೀಟು ಬಿಟ್ಟಂತೆ ಲೆಕ್ಕ. ಆ ಸೀಟುಗಳಿಗಾಗಿ ಎಡಬಾಗಿಲ ಹತ್ತಿರ ಜನ ನಿಂತಿರುತ್ತಾರೆ. ಅದಕ್ಕೆ ಕಾಯುವ ಸಾಲು ಎಂದು ಹೆಸರು. ಆ ಸಾಲು ಸೀಟಕ್ಕನದು.

ಕೆಲವರು ಸಾಲಿನ ತಂಟೆಗೇ ಹೋಗುವುದಿಲ್ಲ. ಒಬ್ಬರು ಮೊದಲೇ ಬಂದು, ಅಕ್ಕಪಕ್ಕದ ಎಂಟು ಸೀಟಿಗೆ ಶಾಲು, ಪುಸ್ತಕ, ಚಪ್ಪಲಿ ಹರವಿ ಜಮೀನುದಾರರ ಹಾಗೆ ಕೂತಿರುತ್ತಾರೆ. ಅಂಥವರ ಜೊತೆ ಸೀಟಕ್ಕ ಜಗಳಕ್ಕೆ ನಿಲ್ಲುವುದಿಲ್ಲ.

"ಸಾರ್, ಈ ಸೀಟಲ್ಲಿ ಯಾರು ಕೂತಿರೋದು?"

"ನನ್ನ ಹೆಂಡ್ತಿ."

"ಹೌದಾ? ಬೆಳಕು ಕಮ್ಮಿ ನೋಡಿ, ನಂಗೆ ಕನ್ನಡಕದ ಡಬ್ಬಿ ಥರಾ ಕಂಡ್ರು."

ಹಿಂದಿನ ಸಾಲಿನವರು ಕಿಸಕ್ಕನೆ ನಗುತ್ತಾರೆ. ಶಾಲು ತಾನಾಗಿ ಮಡಚಿಕೊಳ್ಳುತ್ತದೆ.

ನಡಿಗೆ ನೋಡಿಯೇ ಸೀಟು ಹೇಳುವ ಕಣ್ಣು ಅವರದು. ರಂಗಮಂದಿರ ಹಡಗಿನ ಮೂತಿಯಲ್ಲಿರುವುದರಿಂದ ಅಲೆ ಜೋರಾದ ದಿನ ಮುಂದಿನ ಸಾಲುಗಳು ಉಯ್ಯಾಲೆಯಂತೆ ಏಳುತ್ತವೆ, ಇಳಿಯುತ್ತವೆ. ಗೋಡೆ ಸವರಿಕೊಂಡು ಬರುವವರನ್ನು ಕಂಡರೆ ಸೀಟಕ್ಕ ಹಿಂದಿನ ಸಾಲಿನ ತುದಿಗೆ ಕರೆದೊಯ್ಯುತ್ತಾರೆ. ಎದ್ದು ಓಡುವುದಕ್ಕೂ ಅನುಕೂಲ. ಹೀಗೆ ನಲವತ್ತನಾಲ್ಕು ಮೆಟ್ಟಿಲನ್ನು ದಿನಕ್ಕೆ ಐವತ್ತು ಅರವತ್ತು ಸಲ ಹತ್ತಿ ಇಳಿದು, ಕಾಲಿನ ನರಗಳು ಹಗ್ಗದ ಹಾಗೆ ಗಂಟುಕಟ್ಟಿವೆ. ಬಿಗಿ ಕಾಲುಚೀಲ ಹಾಕಿಕೊಂಡೇ ಮಲಗುತ್ತಾರೆ.

ಇನ್ನು ಕಂಬಗಳ ಮಾತು. ಮೇಲಿನ ಅಂತಸ್ತುಗಳನ್ನು ಹೊರಲು ರಂಗಮಂದಿರದ ನಡುವೆ ನಾಲ್ಕು ದಪ್ಪ ಕಂಬಗಳಿವೆ. ಅವುಗಳ ಹಿಂದೆ ಏಳು ಸೀಟು. ಅಲ್ಲಿ ಕೂತರೆ ವೇದಿಕೆ ತುಂಡು ತುಂಡಾಗಿ ಕಾಣುತ್ತದೆ. ಆ ಏಳನ್ನು ಫೋನಿನಲ್ಲಿ ಯಾರಿಗೂ ಕೊಡುವುದಿಲ್ಲ; ಕಾಯುವ ಸಾಲಿನವರಿಗೆ ಕಟ್ಟಕಡೆಗೆ ಕೊಡುತ್ತಾರೆ. ಈ ಏಳು ಸೀಟಿನ ವಿಷಯದಲ್ಲಿ ಸೀಟಕ್ಕ ಒಂದು ತಪ್ಪು ಮಾಡಿದ್ದಾರೆ. ಹನ್ನೊಂದು ವರ್ಷವಾದರೂ ಅದನ್ನು ಮರೆತಿಲ್ಲ.

ಅಂದು ಸಾಲಿನಲ್ಲಿ ಕಣ್ಣು ಕಾಣದ ಹಿರಿಯರೊಬ್ಬರು ನಿಂತಿದ್ದರು. ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕೆಲಸ ಮಾಡಿ ನಿವೃತ್ತರಾದವರು. ಕಣ್ಣಿಲ್ಲದವರಿಗೆ ಕಂಬ ಇದ್ದರೇನು, ಇಲ್ಲದಿದ್ದರೇನು ಎಂದುಕೊಂಡ ಸೀಟಕ್ಕ ತೋಳು ಹಿಡಿದು ಕರೆದೊಯ್ದು ಕಂಬದ ಹಿಂದೆ ಕೂರಿಸಿದರು. ಕಣ್ಣಿದ್ದವರೊಬ್ಬರಿಗೆ ಒಳ್ಳೆಯ ಸೀಟು ಉಳಿಯಿತಲ್ಲ ಎಂದು ತಮಗೆ ತಾವೇ ಬೆನ್ನು ತಟ್ಟಿಕೊಂಡರು. ಆಟ ಮುಗಿದು ಎಲ್ಲರೂ ಎದ್ದುಹೋದ ಮೇಲೂ ಹಿರಿಯರು ಕೂತೇ ಇದ್ದರು.

"ನನ್ನ ಕಂಬದ ಹಿಂದೆ ಕೂರಿಸಿದೆ ಅಲ್ವೇನಮ್ಮಾ?"

ಸೀಟಕ್ಕ ಅವರ ಪಕ್ಕಕ್ಕೆ ಬಂದರು. "ನಿಮಗೆ ಹೇಗೆ ಗೊತ್ತಾಯ್ತು, ಸಾರ್?"

"ಕಂಬ ಕೇಳಿಸುತ್ತಮ್ಮಾ. ಪಿಟೀಲು ಎಡಗಿವಿಗೆ ಬಂತು, ಬಲಗಿವಿಗೆ ಬರಲೇ ಇಲ್ಲ. ಸೀಟು ಕೆಟ್ಟದ್ದು ಅಂತ ನಂಗೆ ಬೇಜಾರಿಲ್ಲ. ಹೇಳದೇ ಕೂರಿಸಿದೆಯಲ್ಲ, ಅದಕ್ಕೆ ಬೇಜಾರು. ಹೇಳಿದ್ರೆ ನಗ್ತಾ ಕೂರ್ತಿದ್ದೆ."

ಅಂದಿನಿಂದ ಎರಡು ಪಾಠ. ಕಂಬದ ಸೀಟು ಕೊಡುವಾಗ ಅದರ ಕೆಟ್ಟದ್ದನ್ನೂ ಒಳ್ಳೆಯದನ್ನೂ ಬಿಡಿಸಿ ಹೇಳಿಯೇ ಕೊಡುವುದು. ಮತ್ತೆ ಬೆಳಗಿನ ಹೊತ್ತು ಆ ಏಳರಲ್ಲೂ ಒಂದೊಂದು ನಿಮಿಷ ತಾವೇ ಕೂತು, ಒಮ್ಮೆ ಕಣ್ಣು ಬಿಟ್ಟು, ಒಮ್ಮೆ ಕಣ್ಣು ಮುಚ್ಚಿ, ವೇದಿಕೆ ಗುಡಿಸುವವನ ಯಂತ್ರದ ಸದ್ದು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳಿಸಿಕೊಳ್ಳುವುದು.

ಸಾಲಿನ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂದರೆ, ಆರು ವರ್ಷದ ಹಿಂದೆ ಗಂಡನನ್ನೂ ಬಿಡಲಿಲ್ಲ. ಕೆಲಸಗಾರರ ಮನೆಯವರು ವರ್ಷಕ್ಕೊಮ್ಮೆ ಹಡಗಿನಲ್ಲಿ ಬರಬಹುದು. ಆದರೆ ಅವರು ಆಟಕ್ಕೆ ಸೀಟು ಗೊತ್ತು ಮಾಡಿಕೊಳ್ಳುವಂತಿಲ್ಲ. ಕಾಯುವ ಸಾಲಿನಲ್ಲಿ ಎಲ್ಲ ಪ್ರಯಾಣಿಕರ ಹಿಂದೆ ನಿಲ್ಲಬೇಕು. ಗಂಡ ಹೊಸ ಅಂಗಿ ಹಾಕಿಕೊಂಡು ಮೂರು ದಿನ ನಿಂತರು. ಮೂರು ದಿನವೂ ಅವರ ಸರದಿ ಬರುವಷ್ಟರಲ್ಲಿ ಸೀಟು ಮುಗಿಯಿತು. ಮೂರು ದಿನವೂ ಸೀಟಕ್ಕನೇ ಬಾಗಿಲು ಮುಚ್ಚಿದರು. ಈಗಲೂ ಅಂಗಡಿಗೆ ಬಂದ ಗಿರಾಕಿ "ಹಡಗಿನ ಆಟ ಹೇಗಿತ್ತಣ್ಣಾ?" ಎಂದು ಕೇಳಿದರೆ ಅವರು ಕತ್ತರಿ ಆಡಿಸುತ್ತಲೇ ಹೇಳುತ್ತಾರಂತೆ: "ಬಾಗಿಲು ಬಹಳ ಚೆನ್ನಾಗಿತ್ತು. ಒಳ್ಳೇ ಮರ. ಮೂರು ಸಲ ನೋಡಿದೀನಿ."

ಇಂದು ಈ ಪ್ರಯಾಣದ ಕೊನೆಯ ದಿನ. ನಾಳೆ ಬೆಳಗ್ಗೆ ಹಡಗು ದಡ ಮುಟ್ಟುತ್ತದೆ. ಜನ ಪೆಟ್ಟಿಗೆ ಕಟ್ಟಬೇಕಾದ್ದರಿಂದ ಇಂದು ಒಂದೇ ಆಟ, ಸಂಜೆ ಐದಕ್ಕೆ. ಸೀಟಕ್ಕ ಇನ್ನೂ ಹತ್ತನೆಯ ಸಾಲಿನಲ್ಲಿರುವಾಗ ವೇದಿಕೆಯ ಪಕ್ಕದಿಂದ ಒಬ್ಬ ಹುಡುಗಿ ಇಳಿದು ಬರುತ್ತಾಳೆ. ಇಪ್ಪತ್ನಾಲ್ಕು ವರ್ಷದ ನರ್ತಕಿ. ಸಣ್ಣಗೆ, ಚುರುಕಾಗಿ ಇರುವುದರಿಂದ ಎಲ್ಲರ ಬಾಯಲ್ಲೂ ಗುಬ್ಬಿ.

"ಅಕ್ಕಾ, ಇವತ್ತೊಂದು ದಿನ."

"ಇವತ್ತೊಂದು ದಿನ ಏನು?"

"ಗೊತ್ತಿಲ್ಲದೋರ ಥರಾ ಕೇಳ್ಬೇಡಿ. ಅಮ್ಮನ್ನ ಪಕ್ಕದ ಬಾಗಿಲಿಂದ ಬಿಟ್ಬಿಡಿ."

ಗುಬ್ಬಿಯ ತಾಯಿ ಒಂದು ಬೇಕರಿಯಲ್ಲಿ ಇಪ್ಪತ್ತಾರು ವರ್ಷದಿಂದ ಬ್ರೆಡ್ಡು ಕತ್ತರಿಸುವ ಯಂತ್ರದ ಮುಂದೆ ನಿಂತವರು. ಒಟ್ಟಿಗೆ ಹತ್ತು ದಿನ ರಜೆ ಹಾಕಿದ್ದು ಇದೇ ಮೊದಲು. ಮಗಳು ಕುಣಿಯುವುದನ್ನು ಫೋನಿನಲ್ಲಿ, ಅಂಗೈಯಗಲದಲ್ಲಿ ನೋಡಿದ್ದಾರೆ ಅಷ್ಟೆ. ಈ ಪ್ರಯಾಣದಲ್ಲಿ ಮಗಳ ತಂಡದ ಆಟ ಇದ್ದದ್ದು ಮೂರು ದಿನ. ಮೊದಲ ದಿನ ತಾಯಿಗೆ ಹಡಗಿನ ಹೊಯ್ದಾಟಕ್ಕೆ ತಲೆ ಎತ್ತಲಾಗಲಿಲ್ಲ. ಎರಡನೆಯ ದಿನ ಸಾಲಿನಲ್ಲಿ ನಿಂತರು, ಸೀಟು ಸಿಗಲಿಲ್ಲ. ಉಳಿದದ್ದು ಇಂದು. ಇಂದು ತಪ್ಪಿದರೆ ಮತ್ತೆ ರಜೆ ಯಾವಾಗಲೋ, ಅಷ್ಟರಲ್ಲಿ ಗುಬ್ಬಿ ಯಾವ ಹಡಗಿನಲ್ಲೋ.

"ಒಬ್ಬರು ಅಕ್ಕಾ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲೇ."

"ಮೂಲೇಲಿ ನಿಂತ್ಕೋತಾರೆ."

"ನಿಲ್ಲೋ ಹಾಗಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೂಕುನುಗ್ಗಲಲ್ಲಿ ಮೊದಲು ಬೀಳೋರು ಅವರೇ."

"ಹಾಗಾದ್ರೆ ಕಂಬದ ಹಿಂದಿನ ಸೀಟೊಂದಾದ್ರೂ ಎತ್ತಿಡಿ. ಹೇಗಿದ್ರೂ ಯಾರಿಗೂ ಬೇಡ ಅದು."

"ಎತ್ತಿಡಲ್ಲ. ಸಾಲಲ್ಲಿ ಮುಂದಿರೋರು ಕೇಳಿದ್ರೆ ಅವರಿಗೇ."

ಗುಬ್ಬಿಯ ಮೂಗು ಕೆಂಪಾಗುತ್ತದೆ. "ಎರಡು ವರ್ಷದಿಂದ ಅಕ್ಕಾ ಅಕ್ಕಾ ಅಂತ ಕರೆದಿದ್ದು ದಂಡ."

"ಬೇಡ ಬಿಡು. ಮೇಡಂ ಅಂತ ಕರಿ. ಆಗ್ಲೂ ಸಾಲು ಸಾಲೇ."

ಹುಡುಗಿ ಧಡಧಡ ಮೆಟ್ಟಿಲಿಳಿಯುತ್ತಾಳೆ. ಸೀಟಕ್ಕ ಇನ್ನೊಂದು ಸೀಟು ಒತ್ತುತ್ತಾರೆ, ಮತ್ತೊಂದು. ಆಮೇಲೆ ಕೈ ನಿಲ್ಲುತ್ತದೆ.

"ಏ ಗುಬ್ಬಿ! ಮುನಿಸ್ಕೊಂಡು ಹೋಗೋಳು ಹಾಗೇ ವೇದಿಕೆ ಹತ್ತು. ಕೊನೇ ಹಾಡಲ್ಲಿ ನೀನು ನಿಲ್ಲೋ ಜಾಗ ಯಾವುದು? ಅಲ್ಲಿ ನಿಂತ್ಕೋ."

ಹುಡುಗಿ ಅರ್ಥವಾಗದೆ ನಿಲ್ಲುತ್ತಾಳೆ. ಸೀಟಕ್ಕ ಕಂಬದ ಹಿಂದಿನ ಮೊದಲ ಸೀಟಿನಲ್ಲಿ ಕೂರುತ್ತಾರೆ. "ಇಲ್ಲಿಂದ ಕಾಣ್ತೀಯ." ಎರಡು, ಮೂರು, ಅಲ್ಲಿಂದಲೂ ಕಾಣುತ್ತಾಳೆ. ನಾಲ್ಕರಿಂದ ಅರ್ಧ. ಐದರಲ್ಲಿ ಕೂತು ಕತ್ತು ಆ ಕಡೆ ಈ ಕಡೆ ಹೊರಳಿಸುತ್ತಾರೆ. "ಇಲ್ಲಿಂದ ನೀನೇ ಇಲ್ಲ. ಎಡಕ್ಕೆ ಒಂದು ಹೆಜ್ಜೆ ಇಡು. ಇನ್ನೊಂದು. ಇನ್ನರ್ಧ. ಹಾಂ, ಈಗ ಪೂರ್ತಿ ಬಂದೆ." ಆರಕ್ಕೆ ಬಲಗಡೆ ಒಂದು ಹೆಜ್ಜೆ. ಏಳಕ್ಕೆ ನಿಂತಲ್ಲೇ ಸಾಕು.

"ಅಮ್ಮ ಸಾಲಲ್ಲಿ ಎಲ್ಲರಿಗಿಂತ ಹಿಂದೆ. ಸೀಟು ಅಂತ ಸಿಕ್ಕಿದ್ರೆ ಈ ಏಳರಲ್ಲೇ ಒಂದು. ಬಾಗಿಲು ಮುಚ್ಚಿದ ಮೇಲೆ ಪರದೆ ಹಿಂದಿರೋರಿಗೆ ಟಾರ್ಚು ಬೀಸೋದು ನನ್ನ ಕೆಲಸ. ಎಷ್ಟು ಸಲ ಮಿಟುಕಿತು ಅಂತ ಎಣಿಸ್ಕೋ, ಅಷ್ಟನೇ ಸೀಟಲ್ಲಿ ಅಮ್ಮ. ಮಿಟುಕದೇ ಉದ್ದಕ್ಕೆ ಬೆಳಗಿದ್ರೆ, ಅಮ್ಮ ಹೊರಗೇ ಉಳಿದ್ರು ಅಂತ."

ಗುಬ್ಬಿ ಕಾಲಿನ ಕೆಳಗಿನ ನೆಲ ನೋಡಿಕೊಳ್ಳುತ್ತಾಳೆ. "ಕೊನೇ ಹಾಡಲ್ಲಿ ಹನ್ನೆರಡೂ ಜನ ಒಂದೇ ಸಾಲಲ್ಲಿ ನಿಲ್ಲಬೇಕು, ಅಕ್ಕಾ. ಒಂದು ಗೇಣು ಆಚೀಚೆ ಆದ್ರೂ ಮಾಸ್ಟರು ಚರ್ಮ ಸುಲೀತಾರೆ."

"ಅದು ನಿನಗೂ ಅವರಿಗೂ ಬಿಟ್ಟಿದ್ದು. ಎಲ್ಲಿಂದ ಏನು ಕಾಣುತ್ತೆ ಅಂತ ಹೇಳೋದಷ್ಟೇ ನನ್ನ ಕೆಲಸ. ಹೋಗು, ಇನ್ನೂ ನಾನೂರು ಸೀಟಿದೆ ನಂಗೆ."

ಮಧ್ಯಾಹ್ನ ಮೂರಕ್ಕೇ ಗುಬ್ಬಿಯ ತಾಯಿ ಎಡಬಾಗಿಲಿಗೆ ಬಂದು ಮೊದಲನೆಯವರಾಗಿ ನಿಲ್ಲುತ್ತಾರೆ. ಇಸ್ತ್ರಿ ಮಾಡಿದ ಉಡುಪು, ಕೈಯಲ್ಲೊಂದು ಸಣ್ಣ ಚೀಲ. ಪ್ರಯಾಣಿಕರು ಬರತೊಡಗುತ್ತಾರೆ. ಒಬ್ಬೊಬ್ಬರು ಬಂದಂತೆಲ್ಲ ಸೀಟಕ್ಕ ತಾಯಿಯನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ಕಳಿಸಬೇಕು. ಹತ್ತು ಜನ, ಇಪ್ಪತ್ತು ಜನ, ಮೂವತ್ತು ಜನ.

"ಅಲ್ಲಮ್ಮಾ, ನಾನು ಮುಂಚೆ ಬಂದಷ್ಟೂ ಹಿಂದಕ್ಕೇ ಹೋಗ್ತಿದೀನಲ್ಲ?"

"ನಿಯಮ ಹಾಗಿದೆ, ಅಮ್ಮಾ."

"ನಮ್ಮ ಬೇಕರೀಲಿ ಹೀಗೆ ಮಾಡಿದ್ರೆ ಜನ ಬ್ರೆಡ್ಡಲ್ಲೇ ಹೊಡೀತಾರೆ."

"ಇಲ್ಲೂ ಹೊಡೀಬೇಕು ಅಂತ ಎಷ್ಟೋ ಜನಕ್ಕೆ ಆಸೆ ಇದೆ. ಬ್ರೆಡ್ಡು ಸಿಕ್ಕಿಲ್ಲ ಅಷ್ಟೆ."

ತಾಯಿ ನಗುತ್ತಾರೆ. ಚೀಲದ ಹಿಡಿಯನ್ನು ಮಾತ್ರ ಬಿಗಿಯಾಗಿ ತಿರುಚುತ್ತಿದ್ದಾರೆ. ಐದಕ್ಕೆ ಹದಿನೈದು ನಿಮಿಷ ಇರುವಾಗ ಸಾಲಿನಲ್ಲಿ ನಲವತ್ತೆರಡು ಪ್ರಯಾಣಿಕರು. ಅವರ ಹಿಂದೆ, ನಲವತ್ಮೂರನೆಯವರಾಗಿ, ಗುಬ್ಬಿಯ ತಾಯಿ.

ಹತ್ತು ನಿಮಿಷ. ಸೀಟಕ್ಕ ಒಳಗೆ ಹೋಗಿ, ಕಂಬದ ಹಿಂದಿನ ಏಳು ಬಿಟ್ಟು, ಖಾಲಿ ಸೀಟು ಎಣಿಸುತ್ತಾರೆ. ಕೈಯಲ್ಲಿರುವ ಎಣಿಸುವ ಗುಂಡಿ ಕಟಕಟ ಎನ್ನುತ್ತದೆ. ಮೂವತ್ನಾಲ್ಕು. ಇನ್ನೊಮ್ಮೆ ಎಣಿಸಿದರೂ ಮೂವತ್ನಾಲ್ಕೇ. ಮೊದಲ ಮೂವತ್ನಾಲ್ಕು ಜನ ಒಳಗೆ ಹೋಗುತ್ತಾರೆ. ಉಳಿದವರು ಎಂಟು ಪ್ರಯಾಣಿಕರು ಮತ್ತು ತಾಯಿ. ಉಳಿದ ಸೀಟು ಕಂಬದ ಹಿಂದಿನ ಏಳು.

ಸೀಟಕ್ಕ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಾರೆ: ಕಂಬ ಇದೆ, ಇಷ್ಟು ಕಾಣುತ್ತದೆ, ಇಷ್ಟು ಕಾಣುವುದಿಲ್ಲ. ಗೊಣಗುತ್ತಲೇ ಆರು ಜನ ಒಪ್ಪಿ ಒಳಗೆ ಹೋಗುತ್ತಾರೆ. ಈಗ ಒಂದೇ ಸೀಟು ಇದೆ. ಐದನೆಯದು. ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರು, ಅವರ ಹಿಂದೆ ತಾಯಿ.

"ಒಂದೇ ಸೀಟಿದೆ," ಎನ್ನುತ್ತಾರೆ ಸೀಟಕ್ಕ. "ಮುಂದೆ ಕಂಬ ಇದೆ. ವೇದಿಕೆಯ ಎಡತುದಿ ಬಿಟ್ಟು ಮಿಕ್ಕಿದ್ದು ಕಾಣೋದಿಲ್ಲ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಇಬ್ಬರೂ ಅಲ್ಲೇ ತಿರುಗಿ ಹೋಗುತ್ತಿದ್ದರೇನೋ. ತಾಯಿಯ ಕಣ್ಣು ತಮ್ಮ ಮೇಲೇ ಇದೆ ಎಂದು ಸೀಟಕ್ಕನಿಗೆ ಗೊತ್ತು. ಆದರೂ ಮಿಕ್ಕಿದ್ದನ್ನೂ ಹೇಳುತ್ತಾರೆ. "ಆದ್ರೆ ಸೀಟು ಮೆತ್ತಗಿದೆ. ಹಾಡು ಒಂದು ಕಿವಿಗೆ ಚೆನ್ನಾಗಿ ಕೇಳುತ್ತೆ. ಕಾಲು ಚಾಚೋಕೆ ಜಾಗ ಇದೆ."

"ನೀನು ಹೋಗು," ಎನ್ನುತ್ತಾನೆ ಗಂಡ.

"ನಾನೊಬ್ಳೇ ಕಂಬ ನೋಡ್ಕೊಂಡು ಕೂರ್ಲಾ? ನೀವು ಹೋಗಿ."

"ಕಾಲು ಚಾಚೋಕೆ ಜಾಗ ಇದೆಯಂತೆ..."

"ಹಾಗಾದ್ರೆ ನೀವೇ ಚಾಚಿ."

ಮೂರು ನಿಮಿಷ ಉಳಿದಿದೆ. ಸೀಟಕ್ಕ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾಯುತ್ತಾರೆ. ಬೇಗ ಎನ್ನುವುದಿಲ್ಲ, ಬಿಡಿ ಎನ್ನುವುದಿಲ್ಲ, ತಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ. ಎರಡು ನಿಮಿಷ. ಗಂಡ ಒಂದು ಹೆಜ್ಜೆ ಒಳಗಿಡುತ್ತಾನೆ. ಕಂಬದ ಕಡೆ ಇಣುಕಿ ನೋಡುತ್ತಾನೆ. ಹೆಜ್ಜೆ ಹಿಂದಕ್ಕೆ ತೆಗೆಯುತ್ತಾನೆ.

"ನಡಿಯೇ, ಐಸ್‌ಕ್ರೀಮ್ ತಿನ್ನೋಣ."

"ಅದನ್ನ ಮೊದಲೇ ಹೇಳೋಕೇನಾಗಿತ್ತು ನಿಮಗೆ?"

ಇಬ್ಬರೂ ಹೊರಟುಹೋದ ಮೇಲೆ ಸೀಟಕ್ಕ ತಾಯಿಯ ಕಡೆ ತಿರುಗುತ್ತಾರೆ. ಅವರಿಗೂ ಅದೇ ಮಾತು: ಒಂದೇ ಸೀಟಿದೆ, ಕಂಬ ಇದೆ, ಎಡತುದಿ ಬಿಟ್ಟರೆ ಏನೂ ಕಾಣುವುದಿಲ್ಲ, ಸೀಟು ಮೆತ್ತಗಿದೆ. "ಕೂರ್ತೀರಾ, ಅಮ್ಮಾ?"

"ಕೂರೋದಾ? ಕಂಬಾನ ತಬ್ಬಿಕೊಂಡಾದ್ರೂ ಇರ್ತೀನಿ, ನಡಿಯಮ್ಮಾ."

ತಾಯಿಯನ್ನು ಕೂರಿಸಿ, ಬಾಗಿಲು ಮುಚ್ಚಿ, ಸೀಟಕ್ಕ ಟಾರ್ಚನ್ನು ವೇದಿಕೆಯ ಕಡೆ ಎತ್ತುತ್ತಾರೆ. ಒಂದು. ಎರಡು. ಮೂರು. ನಾಲ್ಕು. ಐದು.

ಆಟ ಶುರುವಾಗುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ತಾಯಿ ಕಾಣುವ ಎಡತುದಿಯನ್ನೇ ನೋಡುತ್ತ ಕೂರುತ್ತಾರೆ. ಯಾರದೋ ಕೈ ಬರುತ್ತದೆ, ಯಾರದೋ ಲಂಗದ ಅಂಚು ಬಂದು ಹೋಗುತ್ತದೆ. ಮಗಳಿಲ್ಲ. ಮೆಟ್ಟಿಲ ಮೇಲೆ ನಿಂತ ಸೀಟಕ್ಕ ವೇದಿಕೆ ನೋಡುತ್ತಿಲ್ಲ, ಐದನೆಯ ಸೀಟಿನಲ್ಲಿ ಬಾಗಿದ ತಲೆಯನ್ನು ನೋಡುತ್ತಿದ್ದಾರೆ.

ಕೊನೆಯ ಹಾಡು. ಹನ್ನೆರಡು ಜನ ಸಾಲಾಗಿ ಬಂದು ನಿಲ್ಲುತ್ತಾರೆ. ಎರಡನೆಯ ಸೊಲ್ಲಿಗೆ ಬರುವಾಗ ಸಾಲಿನ ಎಡತುದಿಯಿಂದ ಒಬ್ಬಳು ಎಡಕ್ಕೆ ಒಂದು ಹೆಜ್ಜೆ ಸರಿಯುತ್ತಾಳೆ. ಇನ್ನೊಂದು. ಇನ್ನರ್ಧ. ಹನ್ನೊಂದು ಜನ ಒಂದು ಕಡೆ, ಗುಬ್ಬಿ ಒಬ್ಬಳೇ ಒಂದು ಕಡೆ. ಹಾಡು ಮುಗಿಯುವವರೆಗೂ ಅವಳು ಅಲ್ಲೇ ಕುಣಿಯುತ್ತಾಳೆ. ಐದನೆಯ ಸೀಟಿನಲ್ಲಿ ಬಾಗಿದ್ದ ತಲೆ ನೆಟ್ಟಗಾಗುತ್ತದೆ.

ಜನ ಹೊರಬೀಳುವಾಗ ತಾಯಿ ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಕಣ್ಣೊರೆಸಿಕೊಳ್ಳಲು ಮರೆತಿದ್ದಾರೆ.

"ಕಂಡಳಾ, ಅಮ್ಮಾ?"

"ಕಂಡಳಾ ಅಂತ ಕೇಳ್ತೀಯಲ್ಲ! ಅವಳೊಬ್ಳೇ ಕಂಡ್ಲು. ಮಿಕ್ಕೋರನ್ನೆಲ್ಲ ಆ ಕಂಬ ಮುಚ್ಚಿಬಿಟ್ಟಿತ್ತು. ಏನು ಒಳ್ಳೇ ಸೀಟು ಕೊಟ್ಟೆ, ತಾಯೀ."

ಅಷ್ಟರಲ್ಲಿ ಪರದೆಯ ಹಿಂದಿನಿಂದ ಡ್ಯಾನ್ಸ್ ಮಾಸ್ಟರ ಕೂಗು ಇಡೀ ರಂಗಮಂದಿರಕ್ಕೆ ಕೇಳಿಸುತ್ತದೆ. "ಸಾಲು ಮುರಿದೋಳು ಯಾರು? ಮೂರು ತಿಂಗಳಿಂದ ಕಲಿಸಿದೀನಿ! ಕಣ್ಣು ಕಾಣಲ್ವಾ?" ಪಕ್ಕದ ಬಾಗಿಲ ಸಂದಿಯಿಂದ ನೋಡಿದರೆ ಗುಬ್ಬಿ ತಲೆತಗ್ಗಿಸಿ ನಿಂತಿದ್ದಾಳೆ. ಭುಜ ಕುಲುಕುತ್ತಿದೆ. ಅಳುತ್ತಿದ್ದಾಳೆಂದು ಮಾಸ್ಟರು ತಿಳಿದಿರಬೇಕು, ದನಿ ಸ್ವಲ್ಪ ಇಳಿಸುತ್ತಾರೆ.

ವೇದಿಕೆ ಗುಡಿಸುವವನು ಪೊರಕೆ ಹಿಡಿದು ಬಂದು ಸೀಟಕ್ಕನನ್ನು ಕೆಣಕುತ್ತಾನೆ. "ಪಾಪದ ಹುಡುಗಿ ಬೈಸ್ಕೋತಾ ಇದ್ದಾಳೆ. ಇದರಲ್ಲೆಲ್ಲ ನಿಮ್ಮ ಕೈವಾಡ ಇದ್ದ ಹಾಗಿದೆಯಲ್ಲ, ಸೀಟಕ್ಕಾ?"

ಸೀಟಕ್ಕ ಎಣಿಸುವ ಗುಂಡಿಯನ್ನು ತಿರುಗಿಸಿ ಸೊನ್ನೆಗೆ ತರುತ್ತಾರೆ. ಮೊದಲ ಸಾಲಿನ ಮೊದಲ ಸೀಟಿನ ಮೇಲೆ ಯಾರೋ ಬಿಟ್ಟುಹೋದ ಶಾಲನ್ನು ಎತ್ತಿ ಮಡಚುತ್ತಾರೆ.

"ಕುಣಿಯೋರ ಸಾಲು ಮಾಸ್ಟರು ನೋಡ್ಕೋತಾರೆ ಬಿಡಪ್ಪಾ," ಎನ್ನುತ್ತಾರೆ. "ನನ್ನ ಸಾಲಲ್ಲಿ ಇವತ್ತು ನಲವತ್ಮೂರು ಜನ ಇದ್ರು. ಒಬ್ಬರೂ ಹಿಂದೆ ಮುಂದೆ ಆಗ್ಲಿಲ್ಲ."